ಹಿತ್ತಲ ಗಿಡ ಮದ್ದಾಗಬೇಕಾದರೆ: ತೋಟಗಾರಿಕಾ ಚಿಕಿತ್ಸಕರ ತರಬೇತಿಯ ಪ್ರಶ್ನೆ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಎಂದೊಡನೆ ಈ ಭಾಗದ ರೈತರಿಗೂ, ಬೀಜ-ಗೊಬ್ಬರದ ವರ್ತಕರಿಗೂ ಮೊದಲು ನೆನಪಾಗುವುದು ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ. ಭದ್ರಾ ಅಚ್ಚುಕಟ್ಟಿನ ನಡುವೆ ಇರುವ ಈ ಕೇಂದ್ರವು 2012ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪನೆಯಾದ, ಈಗ ಕೆಳದಿ ಶಿವಪ್ಪ ನಾಯಕರ ಹೆಸರನ್ನು ಹೊತ್ತಿರುವ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸುತ್ತಲಿನ ಪೇಟೆಗಳಲ್ಲಿ ತೋಟವೆಂದರೆ ಇಳುವರಿ, ಕ್ವಿಂಟಲ್, ಧಾರಣೆ. ವ್ಯಾಪಾರದ ದೃಷ್ಟಿಯಿಂದ ಇದು ಸಹಜವೇ ಆಗಿದೆ. ಆದರೆ ತೋಟಕ್ಕೆ ಇನ್ನೊಂದು ಉಪಯೋಗವಿದೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು, ಬುದ್ಧಿಮಾಂದ್ಯತೆಯುಳ್ಳವರು, ಪಾರ್ಶ್ವವಾಯುವಿನಿಂದ ಕೈಕಾಲು ಸೋತವರು, ಕುಡಿತದ ಚಟ ಬಿಟ್ಟು ಹೊರಬರಲು ಹೆಣಗುತ್ತಿರುವವರು ಮತ್ತೆ ಬದುಕಿನ ಹಳಿಗೆ ಬರಲು ತೋಟದ ಕೆಲಸ ನೆರವಾಗಬಲ್ಲದು. ಇದನ್ನೇ ತೋಟಗಾರಿಕಾ ಚಿಕಿತ್ಸೆ ಎನ್ನುತ್ತಾರೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಗಿಡ ಹಿತ್ತಲಲ್ಲೇ ಇದ್ದರೂ ಅದನ್ನು ಮದ್ದಾಗಿಸುವ ತಿಳುವಳಿಕೆ ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ದಾವಣಗೆರೆ ಜಿಲ್ಲೆಯಲ್ಲಿ ಭೂಮಿಗೆ ಕೊರತೆಯಿಲ್ಲ. ಸಸಿಗೆ, ನರ್ಸರಿಗೆ, ಗೊಬ್ಬರದ ಅಂಗಡಿಗೆ ಕೊರತೆಯಿಲ್ಲ. ಚಿಕಿತ್ಸೆ ಬೇಕಾದವರಿಗಂತೂ ಕೊರತೆಯೇ ಇಲ್ಲ. ಕೊರತೆ ಇರುವುದು ಗಿಡವನ್ನೂ ಮನುಷ್ಯನನ್ನೂ ಏಕಕಾಲಕ್ಕೆ ಬಲ್ಲ, ತರಬೇತಿ ಪಡೆದ ಕಾರ್ಯಕರ್ತರಿಗೆ; ಮತ್ತು ಅಂತಹವರು ಕೆಲಸಕ್ಕೆ ಇಳಿದ ಮೇಲೆ ಅವರ ಬೆನ್ನಿಗೆ ನಿಲ್ಲುವ ವ್ಯವಸ್ಥೆಗೆ. ಈ ಕೊರತೆಯನ್ನು ನೀಗಿಸುವಲ್ಲಿ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಪಾತ್ರವಿದೆ.

ಹೊಸ ಮಾತೇನಲ್ಲ

ತೋಟಗಾರಿಕಾ ಚಿಕಿತ್ಸೆ ನಿನ್ನೆ ಮೊನ್ನೆ ಹುಟ್ಟಿದ ಕಲ್ಪನೆಯಲ್ಲ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಲ್ಲಿ ಇದು ಬೇರೂರಿತು. 1973ರಲ್ಲಿ ಅಲ್ಲಿ ಈ ವೃತ್ತಿಯವರದೇ ಸಂಘ ಸ್ಥಾಪನೆಯಾಯಿತು. ಬ್ರಿಟನ್ನಿನಲ್ಲಿ ಕ್ರಿಸ್ ಅಂಡರ್‌ಹಿಲ್ ಎಂಬವರು 1978ರಲ್ಲಿ ಸ್ಥಾಪಿಸಿದ ಸಂಸ್ಥೆ ಇಂದು ಥ್ರೈವ್ ಎಂಬ ಹೆಸರಿನಲ್ಲಿ ಚಿಕಿತ್ಸೆಯನ್ನೂ, ಕಾರ್ಯಕರ್ತರಿಗೆ ತರಬೇತಿಯನ್ನೂ ನೀಡುತ್ತಿದೆ. ಇದೇ ಅಂಡರ್‌ಹಿಲ್ ಅವರು 2000ದ ಸುಮಾರಿಗೆ ಬೇಸಿಕ್ ನೀಡ್ಸ್ ಸಂಸ್ಥೆಯನ್ನು ಕಟ್ಟಿದರು. ಅದರ ಭಾರತದ ಕೆಲಸಕ್ಕೆ ಬೆಂಗಳೂರೇ ಕೇಂದ್ರವಾಯಿತು. ಬಡ ಮಾನಸಿಕ ರೋಗಿಗೆ ಮಾತ್ರೆಯೊಂದೇ ಸಾಲದು, ಜೀವನೋಪಾಯವೂ ಜೊತೆಗಿರಬೇಕು ಎಂಬುದು ಅದರ ಮೂಲ ತತ್ತ್ವವಾಗಿತ್ತು.

ಕರ್ನಾಟಕದಲ್ಲಿಯೂ ಇದಕ್ಕೆ ನೆಲೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ಮರಗೆಲಸಗಳ ಸಾಲಿನಲ್ಲಿ ತೋಟಗಾರಿಕೆಯೂ ಒಂದು ಘಟಕ. ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆಯಾದ ಎಪಿಡಿಯು ಬೆಂಗಳೂರಿನ ಜೀವನ್‌ಬಿಮಾ ನಗರ ಮತ್ತು ಕ್ಯಾಲಸನಹಳ್ಳಿಗಳಲ್ಲಿ ಅಂಗವಿಕಲರಿಗೆ ತೋಟಗಾರಿಕೆ ತರಬೇತಿಯನ್ನು ಬೆಳೆಸಿತು. ಅಂಗವಿಕಲರು ಬೆಳೆಸಿದ ಸಸಿಗಳನ್ನು ನಗರವಾಸಿಗಳು ಹಣ ಕೊಟ್ಟು ಕೊಳ್ಳುವ ಪದ್ಧತಿಯನ್ನೂ ಅದು ರೂಢಿಗೆ ತಂದಿತು. ಸಸಿಯ ಗುಣಮಟ್ಟ ಚೆನ್ನಾಗಿದ್ದರೆ ಗಿರಾಕಿ ಅದನ್ನು ಬೆಳೆಸಿದ ಕೈ ಯಾವುದೆಂದು ಕೇಳುವುದಿಲ್ಲ ಎಂಬುದು ವರ್ತಕರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಗಿಡ ಬಲ್ಲರೆ ಸಾಲದು

ತೋಟದ ಕೆಲಸವನ್ನು ಮನೆಯಲ್ಲಿ ಅಜ್ಜ-ಅಜ್ಜಿಯರೇ ಕಲಿಸುತ್ತಾರೆ, ಇದಕ್ಕೆ ತರಬೇತಿ ಏಕೆ ಎಂಬ ಪ್ರಶ್ನೆ ಸಹಜ. ನಾಲ್ಕು ಉದಾಹರಣೆಗಳು ಇದಕ್ಕೆ ಉತ್ತರ ನೀಡುತ್ತವೆ.

ಮೊದಲನೆಯದು ಬೆಳೆಯ ಆಯ್ಕೆ. ಮೆಂತ್ಯ ಮೂರು-ನಾಲ್ಕು ದಿನಗಳಲ್ಲಿ ಮೊಳೆಯುತ್ತದೆ, ಸುಮಾರು ಮೂರು-ನಾಲ್ಕು ವಾರಗಳಲ್ಲಿ ಸೊಪ್ಪಾಗಿ ಕೈಗೆ ಬರುತ್ತದೆ. ಅಡಿಕೆ ಗೋಟು ಮೊಳೆಯಲು ಒಂದೂವರೆ ತಿಂಗಳು ಬೇಕು. ಸಸಿ ನಾಟಿಗೆ ಸಿದ್ಧವಾಗಲು ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಖಿನ್ನತೆಯಿಂದ ನಾಳೆಯ ಮೇಲೆ ನಂಬಿಕೆಯನ್ನೇ ಕಳೆದುಕೊಂಡವನ ಕೈಗೆ ಮೊದಲ ದಿನವೇ ಅಡಿಕೆ ಗೋಟು ಕೊಟ್ಟರೆ ಅವನು ಮರುದಿನ ಬರುವುದಿಲ್ಲ. ಅವನಿಗೆ ಮೆಂತ್ಯ ಬೇಕು. ಆರು ತಿಂಗಳು ತಪ್ಪದೆ ಬಂದು, ಇನ್ನು ಮುಂದೇನು ಎಂದು ಕೇಳುವವನಿಗೆ ಅಡಿಕೆ ಸಸಿ ಮಡಿಯ ಹೊಣೆ ಒಪ್ಪಿಸಬಹುದು. ಯಾವ ಗಿಡ ಯಾರಿಗೆ, ಯಾವಾಗ ಎಂಬುದು ಬೇಸಾಯದ ಲೆಕ್ಕವಲ್ಲ, ಚಿಕಿತ್ಸೆಯ ಲೆಕ್ಕ.

ಎರಡನೆಯದು ಔಷಧಿ ಮತ್ತು ಬಿಸಿಲು. ಕ್ಲೋರ್‌ಪ್ರೊಮಜೀನ್‌ನಂತಹ ಔಷಧಿ ಸೇವಿಸುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಲಿಥಿಯಂ ಸೇವಿಸುವವರು ಬಹಳ ಬೆವರಿ, ಸಾಕಷ್ಟು ನೀರು ಕುಡಿಯದಿದ್ದರೆ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಜಗಳೂರಿನ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇಂತಹವರನ್ನು ಮಧ್ಯಾಹ್ನದವರೆಗೆ ಗುದ್ದಲಿ ಹಿಡಿಸುವುದು ಚಿಕಿತ್ಸೆಯಲ್ಲ, ಅನಾಹುತಕ್ಕೆ ಆಹ್ವಾನ. ಒಳ್ಳೆಯ ತೋಟಗಾರನಿಗೆ ಇದು ತಿಳಿದಿರಬೇಕೆಂದು ನಿರೀಕ್ಷಿಸಲಾಗದು. ತೋಟಗಾರಿಕಾ ಚಿಕಿತ್ಸಕನಿಗೆ ತಿಳಿಯದಿರುವಂತಿಲ್ಲ.

ಮೂರನೆಯದು ವಿಷ. ಈ ಭಾಗದ ಯಾವುದೇ ಹೊಲದ ಕೊಟ್ಟಿಗೆಯಲ್ಲಿ ಕೀಟನಾಶಕದ ಡಬ್ಬಿ ಕೈಗೆಟುಕುವಂತೆ ಇರುತ್ತದೆ. ಮನಸ್ಸು ಕುಗ್ಗಿದವರು ಓಡಾಡುವ ತೋಟದಲ್ಲಿ ಆ ಡಬ್ಬಿ ಇರಲೇಬಾರದು. ಇದ್ದರೆ ಬೀಗದೊಳಗಿರಬೇಕು, ಬೀಗದ ಕೈ ಹೊಣೆಗಾರರ ಬಳಿ ಇರಬೇಕು. ಬೇಲಿಗೆಂದು ಬೆಳೆಸುವ ಕಣಗಿಲೆ, ತಾನಾಗಿ ಹುಟ್ಟುವ ದತ್ತೂರಿ ಕೂಡ ವಿಷವೇ. ದಿನದ ಕೊನೆಗೆ ಕುಡುಗೋಲು, ಕತ್ತರಿಗಳನ್ನು ಎಣಿಸಿ ಒಳಗಿಡುವುದು ಸಹ ಈ ಕೆಲಸದ ಒಂದು ಭಾಗ.

ನಾಲ್ಕನೆಯದು ದಾಖಲೆ. ಇಂದು ಯಾರು ಬಂದರು, ಎಷ್ಟು ಹೊತ್ತು ಕೆಲಸ ಮಾಡಿದರು, ಯಾರೊಡನೆ ಮಾತನಾಡಿದರು, ಯಾವ ಹಂತದಲ್ಲಿ ಕೈಬಿಟ್ಟರು ಎಂಬುದನ್ನು ಬರೆದಿಟ್ಟರೆ ಮಾತ್ರ ವೈದ್ಯರಿಗೆ ಅದರಿಂದ ಪ್ರಯೋಜನ. ರೋಜುಪುಸ್ತಕವಿಲ್ಲದ ವ್ಯಾಪಾರ ಎಂತಹುದೋ ದಾಖಲೆಯಿಲ್ಲದ ಚಿಕಿತ್ಸೆಯೂ ಅಂತಹುದೇ.

ಕೆಲಸವೋ, ಚಿಕಿತ್ಸೆಯೋ

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆದರೆ ಕೆಸರಾಗುವ ಕೈ ಒಬ್ಬರದು, ಮೊಸರು ತಿನ್ನುವ ಬಾಯಿ ಇನ್ನೊಬ್ಬರದು ಆಗುವ ಅಪಾಯ ಈ ಕ್ಷೇತ್ರದಲ್ಲಿ ಯಾವಾಗಲೂ ಇದೆ. ಚಿಕಿತ್ಸೆಯ ಹೆಸರಿನಲ್ಲಿ ರೋಗಿಗಳಿಂದ ಆಸ್ಪತ್ರೆಯ ಹೊಲ ಉಳಿಸಿ, ಅಂಗಳ ಗುಡಿಸಿ, ಕೂಲಿ ಕೊಡದಿದ್ದ ಇತಿಹಾಸ ಅನೇಕ ದೇಶಗಳ ಮಾನಸಿಕ ಆಸ್ಪತ್ರೆಗಳಿಗಿದೆ. 2018ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೇ ಸೆಕ್ಷನ್ ಇದಕ್ಕೆ ತಡೆ ಹಾಕಿದೆ. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಯಾರನ್ನೂ ಕೆಲಸ ಮಾಡುವಂತೆ ಬಲವಂತಪಡಿಸುವಂತಿಲ್ಲ. ಮಾಡಿದ ಕೆಲಸಕ್ಕೆ ಸೂಕ್ತ ಸಂಭಾವನೆ ಕೊಡಬೇಕು ಎಂಬುದು ಅದರ ಆಶಯ.

ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ದಿನನಿತ್ಯದ ಪ್ರಶ್ನೆ. ವಾರಕ್ಕೆರಡು ದಿನ ಒಂದು ಗಂಟೆ ಮಣ್ಣು ಮುಟ್ಟಿ, ಸಹಚರರೊಡನೆ ಮಾತನಾಡಿ ಹೋಗುವುದು ಚಿಕಿತ್ಸೆ. ದಿನಕ್ಕೆ ಆರು ಗಂಟೆ ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬಿ, ಆ ಸಸಿ ಮಾರಾಟವಾದರೆ ಅದು ದುಡಿಮೆ. ಅದಕ್ಕೆ ಕೂಲಿ ಸಲ್ಲಬೇಕು. ಒಬ್ಬ ವ್ಯಕ್ತಿ ಮೊದಲನೆಯದರಿಂದ ಎರಡನೆಯದಕ್ಕೆ ಯಾವಾಗ ದಾಟಿದನೆಂದು ಗುರುತಿಸುವುದು ಚಿಕಿತ್ಸಕನ ಹೊಣೆ. ಇಂತಹ ಕೇಂದ್ರದಿಂದ ಸಸಿ ಕೊಳ್ಳುವ ವರ್ತಕನಿಗೂ ಇಲ್ಲಿ ಜವಾಬ್ದಾರಿಯಿದೆ. ಪೇಟೆ ಧಾರಣೆಗಿಂತ ಬಹಳ ಅಗ್ಗಕ್ಕೆ ಸಸಿ ದೊರೆತರೆ, ಕೂಲಿಯ ಬಾಬ್ತು ಎಲ್ಲಿ ಹೋಯಿತು ಎಂದು ಕೇಳುವುದು ಅವನ ಧರ್ಮ.

ಜಿಲ್ಲೆಯಲ್ಲಿ ಇರುವುದೇನು, ಇಲ್ಲದಿರುವುದೇನು

ಗ್ರಾಮೀಣ ಮಾನಸಿಕ ಆರೋಗ್ಯದ ಇತಿಹಾಸದಲ್ಲಿ ಮಧ್ಯ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇಕಡ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದನ್ನು ಕಂಡುಕೊಂಡಿತು. ಈ ಲೆಕ್ಕದಲ್ಲಿ ನೂರು ಜನ ದುಡಿಯುವ ಕಾರ್ಖಾನೆಯಲ್ಲಿ ಹತ್ತು ಜನರು ಈ ಭಾರವನ್ನು ಹೊತ್ತು ಬರುತ್ತಿರಬಹುದು.

ದಾವಣಗೆರೆ ಜಿಲ್ಲೆಯಲ್ಲಿಯೇ 2016ರಲ್ಲಿ ದ ಲಿವ್ ಲವ್ ಲಾಫ್ ಫೌಂಡೇಷನ್ ಎಪಿಡಿಯ ಸಹಯೋಗದೊಡನೆ ಗ್ರಾಮೀಣ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಜಗಳೂರು ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಜ್ಞರು ಸಮುದಾಯ ಆಧಾರಿತ ಪುನರ್ವಸತಿಯ ಅಧ್ಯಯನ ಕೈಗೊಂಡರು. ಚೇತರಿಸಿಕೊಂಡವರನ್ನು ಅಂದಿನ ಉದ್ಯೋಗ ಖಾತ್ರಿ ಯೋಜನೆಯ ಕೆಲಸಕ್ಕೆ ಸೇರಿಸುವ ಪ್ರಯತ್ನವೂ ಅಲ್ಲಿ ನಡೆಯಿತು. ರಾಜ್ಯ ಸರ್ಕಾರವು ಮಾನಸಧಾರಾ ಎಂಬ ಹಗಲು ಆರೈಕೆ ಕೇಂದ್ರಗಳ ಯೋಜನೆಯನ್ನು ರೂಪಿಸಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮವನ್ನು 2014ರಲ್ಲಿ ತಂದಿತು.

ಹೀಗೆ ರೋಗಿಯನ್ನು ಗುರುತಿಸುವ, ಔಷಧಿ ಕೊಡುವ ಮಾರ್ಗಗಳು ತೆರೆದಿವೆ. ಔಷಧಿಯಿಂದ ರೋಗ ಹತೋಟಿಗೆ ಬಂದವನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬ ಪ್ರಶ್ನೆ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಹಗಲು ಆರೈಕೆ ಕೇಂದ್ರದಲ್ಲಿ ಹಿಂದೆ ಒಂದಿಷ್ಟು ಖಾಲಿ ಜಾಗವಿದ್ದು, ಅಲ್ಲಿನ ಕಾರ್ಯಕರ್ತೆ ಸ್ವಂತ ಉತ್ಸಾಹದಿಂದ ನಾಲ್ಕು ಮಡಿ ಮಾಡಿ ಸೊಪ್ಪು ಬಿತ್ತಬಹುದು. ಸಸಿಗೆ ಬುಡಕೊಳೆ ಬಂದರೆ ಕೇಳಲು ಆಕೆಗೆ ಗೊತ್ತಿರುವ ಕೃಷಿ ತಜ್ಞರಿಲ್ಲ. ಬಂದವರಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ ಕೂಡಲೇ ವಿಚಾರಿಸಲು ವೈದ್ಯರು ಕೈಗೆ ಸಿಗುವುದಿಲ್ಲ. ಆಕೆ ಕೆಲಸ ಬಿಟ್ಟ ದಿನ ಆ ತೋಟವೂ ಒಣಗುತ್ತದೆ, ಅದನ್ನು ನೆಚ್ಚಿದವರ ಚೇತರಿಕೆಯೂ ಹಿಂದೆ ಬೀಳುತ್ತದೆ. ವ್ಯಕ್ತಿಯನ್ನೇ ನೆಚ್ಚಿದ ಅಂಗಡಿ ಎಷ್ಟು ದಿನ ನಡೆದೀತು ಎಂಬುದು ವರ್ತಕರಿಗೆ ಅನುಭವದ ಮಾತು.

ವೃತ್ತಿಗೆ ಮಾನ್ಯತೆಯ ಪ್ರಶ್ನೆಯೂ ಇದೆ. 1992ರ ಕಾಯ್ದೆಯನ್ವಯ ರಚಿತವಾದ ಭಾರತೀಯ ಪುನರ್ವಸತಿ ಮಂಡಳಿಯು 16 ವರ್ಗಗಳ ವೃತ್ತಿಪರರನ್ನು ನೋಂದಾಯಿಸುತ್ತದೆ. ವೃತ್ತಿ ಸಲಹೆಗಾರರು, ಪುನರ್ವಸತಿ ಕಾರ್ಯಾಗಾರದ ವ್ಯವಸ್ಥಾಪಕರು ಆ ಪಟ್ಟಿಯಲ್ಲಿದ್ದಾರೆ, ತೋಟಗಾರಿಕಾ ಚಿಕಿತ್ಸಕರಿಲ್ಲ. ಅಮೆರಿಕದ ಸಂಘವು ನೋಂದಣಿ ಬಯಸುವವರಿಂದ ಪದವಿಯ ಜೊತೆಗೆ 480 ಗಂಟೆಗಳ ಮೇಲ್ವಿಚಾರಿತ ಅಭ್ಯಾಸವನ್ನು ಕೇಳುತ್ತದೆ. ಈ ಅಂಕಿಗಿಂತ ಮುಖ್ಯವಾದದ್ದು ಅದರ ಹಿಂದಿನ ತತ್ತ್ವ: ಕಲಿಯುವವನ ಪಕ್ಕದಲ್ಲಿ ಅನುಭವಿಯೊಬ್ಬ ನಿಂತು ನೋಡಿರಬೇಕು. ಬಡಗಿಯ ಮನೆಯಲ್ಲೂ, ಅಕ್ಕಸಾಲಿಗನ ಅಂಗಡಿಯಲ್ಲೂ ಕಸುಬು ಕಲಿತದ್ದು ಹೀಗೆಯೇ.

ಕತ್ತಲಗೆರೆಯಿಂದ ಆರಂಭಿಸಬಹುದು

ಹೊಸ ಸಂಸ್ಥೆ ಕಟ್ಟುವ ಅಗತ್ಯವಿಲ್ಲ, ಇರುವುದನ್ನು ಜೋಡಿಸಿದರೆ ಸಾಕು. ಕತ್ತಲಗೆರೆಯ ಕೇಂದ್ರದಲ್ಲಿ ಜಮೀನಿದೆ, ವಿಜ್ಞಾನಿಗಳಿದ್ದಾರೆ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. 1965ರಿಂದ ಇರುವ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇದೆ, ಜಿಲ್ಲಾ ಆಸ್ಪತ್ರೆಯಿದೆ. ತೋಟಗಾರಿಕೆ ಇಲಾಖೆಯು ರೈತರ ಮಕ್ಕಳಿಗಾಗಿ 10 ತಿಂಗಳ ತರಬೇತಿಯನ್ನು ನಡೆಸಿಕೊಂಡು ಬಂದಿದೆ. ಇವರೆಲ್ಲರೂ ಒಂದೇ ಮೇಜಿನ ಸುತ್ತ ಕುಳಿತರೆ ಕೆಲವೇ ವಾರಗಳ ಪ್ರಮಾಣಪತ್ರ ತರಬೇತಿಯೊಂದನ್ನು ಕನ್ನಡದಲ್ಲಿಯೇ ರೂಪಿಸಬಹುದು. ಅರ್ಧ ಭಾಗ ಕತ್ತಲಗೆರೆಯ ಸಸಿ ಮಡಿಯಲ್ಲಿ, ಉಳಿದರ್ಧ ಹಗಲು ಆರೈಕೆ ಕೇಂದ್ರದಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಜೊತೆಯಲ್ಲಿ ನಡೆಯಬೇಕು. ಹೊನ್ನಾಳಿ, ನ್ಯಾಮತಿಯ ನೀರಾವರಿ ನೆಲಕ್ಕೂ ಜಗಳೂರಿನ ಒಣ ನೆಲಕ್ಕೂ ಹೊಂದುವ ಬೇರೆ ಬೇರೆ ಬೆಳೆ ಪಟ್ಟಿಗಳನ್ನು ಅಲ್ಲಿ ಸಿದ್ಧಪಡಿಸಬೇಕು.

ತರಬೇತಿಗಿಂತಲೂ ದೊಡ್ಡದು ನಂತರದ ಬೆಂಬಲ. ತಿಂಗಳಿಗೊಮ್ಮೆ ಕಾರ್ಯಕರ್ತರೆಲ್ಲ ಒಂದು ತೋಟದಲ್ಲಿ ಸೇರಿ ತಮ್ಮ ಕಷ್ಟಸುಖ ಹೇಳಿಕೊಳ್ಳಬೇಕು, ಸೋತ ಪ್ರಯತ್ನಗಳನ್ನೂ ಮುಚ್ಚಿಡದೆ ಮಾತನಾಡಬೇಕು. ಮನೋವೈದ್ಯರೊಬ್ಬರು, ತೋಟಗಾರಿಕೆ ತಜ್ಞರೊಬ್ಬರು ಅಲ್ಲಿರಬೇಕು. ಸದಾ ಇತರರ ನೋವನ್ನು ಕೇಳುವವರ ಮನಸ್ಸೂ ದಣಿಯುತ್ತದೆ. ಆ ದಣಿವನ್ನು ಹಂಚಿಕೊಳ್ಳಲು ಜಾಗವಿಲ್ಲದಿದ್ದರೆ ಎಷ್ಟು ಒಳ್ಳೆಯ ತರಬೇತಿ ಪಡೆದವರೂ ಎರಡು ವರ್ಷ ನಿಲ್ಲಲಾರರು.

ವರ್ತಕರು, ಉದ್ಯಮಿಗಳು ಮಾಡಬಹುದಾದದ್ದು

ಇದಕ್ಕೆ ಹಣವೆಲ್ಲಿ ಎಂಬುದು ಮುಂದಿನ ಪ್ರಶ್ನೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನ ಸಾಮಾಜಿಕ ಹೊಣೆಯ ಬಾಧ್ಯತೆ ಇರುವುದು 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಗಳಿಗೆ. ಇಲ್ಲಿನ ಬಹುಪಾಲು ವರ್ತಕರು, ಸಣ್ಣ ಉದ್ಯಮಿಗಳು ಈ ಮಿತಿಯೊಳಗೆ ಬರುವುದಿಲ್ಲ. ಆದ್ದರಿಂದ ಕಾನೂನಿನ ಬಲವಂತವಿಲ್ಲ, ಇರುವುದು ಇಚ್ಛೆಯ ಮಾತು. ಸಂಘವು ಒಂದು ಸಣ್ಣ ನಿಧಿಯಿಂದ ವರ್ಷಕ್ಕೆ ಕೆಲವು ಕಾರ್ಯಕರ್ತರ ತರಬೇತಿಯ ವೆಚ್ಚವನ್ನು ವಹಿಸಿಕೊಳ್ಳುವುದು ಅಸಾಧ್ಯವೇನಲ್ಲ.

ದಾನಕ್ಕಿಂತ ವ್ಯವಹಾರವೇ ಹೆಚ್ಚು ಬಾಳಿಕೆ ಬರುತ್ತದೆ. ನರ್ಸರಿ ಮಾಲೀಕರು ತಮ್ಮ ಬೇಡಿಕೆಯ ಒಂದು ಪಾಲು ಸಸಿಯನ್ನು ಇಂತಹ ಕೇಂದ್ರಗಳಿಂದ ಗುಣಮಟ್ಟ ನೋಡಿ, ಪೇಟೆ ಧಾರಣೆಗೇ ಕೊಳ್ಳಬಹುದು. ಸಲಕರಣೆ ತಯಾರಕರಿಗೆ ಇಲ್ಲಿ ಹೊಸದೊಂದು ಸರಕೂ ಇದೆ: ಹಿಡಿತ ಸೋತ ಕೈಗೆ ದಪ್ಪ ಹಿಡಿಕೆಯ ಹಗುರ ಗುದ್ದಲಿ, ಬಗ್ಗಲಾಗದವರಿಗೆ ಉದ್ದ ಕಾವಿನ ಕಳೆ ಸಾಧನ, ಗಾಲಿಕುರ್ಚಿ ಅಡಿಯಲ್ಲಿ ಸೇರುವಂತೆ ಎತ್ತರಿಸಿದ ಸಸಿ ತೊಟ್ಟಿ. ಇವು ವೃದ್ಧರಿರುವ ಮನೆಗಳಲ್ಲೂ ಬೇಕಾಗುವ ವಸ್ತುಗಳು. ಚೇತರಿಸಿಕೊಂಡವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ ಗಮನಿಸಬೇಕು. ಮಾನಸಿಕ ಕಾಯಿಲೆಯೂ ಸೇರಿದಂತೆ 21 ಬಗೆಯ ಅಂಗವೈಕಲ್ಯಗಳನ್ನು ಅದು ಗುರುತಿಸುತ್ತದೆ. ಸಿಬ್ಬಂದಿಯಲ್ಲಿ ಕನಿಷ್ಠ ಶೇಕಡ 5ರಷ್ಟು ಗಣನೀಯ ಅಂಗವೈಕಲ್ಯ ಉಳ್ಳವರು ಇರುವಂತಾಗಲು ಖಾಸಗಿ ಉದ್ಯೋಗದಾತರಿಗೆ ಸರ್ಕಾರ ಪ್ರೋತ್ಸಾಹ ನೀಡಬೇಕೆಂದು ಅದರ 35ನೇ ಸೆಕ್ಷನ್ ಹೇಳುತ್ತದೆ. ಆ ಪ್ರೋತ್ಸಾಹ ಯಾವ ರೂಪದಲ್ಲಿ ಸಣ್ಣ ಕಾರ್ಖಾನೆಯ ಬಾಗಿಲಿಗೆ ಬರಬೇಕೆಂದು ಸರ್ಕಾರವನ್ನು ಕೇಳಲು ವಾಣಿಜ್ಯ ಸಂಘಕ್ಕಿಂತ ಸೂಕ್ತವಾದ ವೇದಿಕೆ ಬೇರೊಂದಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ತೋಟಗಾರಿಕಾ ಚಿಕಿತ್ಸೆ ಔಷಧಿಗೆ ಬದಲಿಯಲ್ಲ. ಅದರ ಪ್ರಯೋಜನವನ್ನು ತೋರಿಸಿದ ಅಧ್ಯಯನಗಳು ಅನೇಕವಿದ್ದರೂ ಹೆಚ್ಚಿನವು ಸಣ್ಣ ಪ್ರಮಾಣದವು. ಮಣ್ಣು ಮುಟ್ಟಿದರೆ ಎಲ್ಲ ರೋಗವೂ ವಾಸಿಯಾಗುತ್ತದೆ ಎಂದು ಸಾರುವವರಿಂದ ಈ ಕ್ಷೇತ್ರಕ್ಕೆ ಹಾನಿಯೇ ಹೆಚ್ಚು. ತರಬೇತಿ ಪಡೆದ ಚಿಕಿತ್ಸಕರು ಬೇಕಾಗಿರುವುದು ಈ ಕಾರಣಕ್ಕೂ ಹೌದು. ಏನನ್ನು ಮಾಡಬಲ್ಲೆವು ಎಂಬುದರ ಜೊತೆಗೆ ಏನನ್ನು ಮಾಡಲಾರೆವು ಎಂಬುದೂ ಅವರಿಗೆ ತಿಳಿದಿರುತ್ತದೆ.

ಮಾನಸಿಕ ಅಸ್ವಸ್ಥತೆ ಬೇರೆ ಯಾರದೋ ಮನೆಯ ಮಾತಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆಯೂ, ಕಾರ್ಖಾನೆಯ ಯಂತ್ರದ ಮುಂದೆಯೂ, ಉಗ್ರಾಣದ ಹಮಾಲಿಯ ಮನೆಯಲ್ಲೂ ಅದು ಇದೆ. ಅಂತಹ ಮನೆಯ ಮಗನೊಬ್ಬ ಔಷಧಿ ಮುಗಿಸಿ ಹಗಲೆಲ್ಲ ಕೋಣೆಯಲ್ಲಿ ಮಲಗುವ ಬದಲು ಬೆಳಿಗ್ಗೆ ಎದ್ದು ತಾನು ಬಿತ್ತಿದ ಮಡಿಗೆ ನೀರು ಹಾಕಲು ಹೊರಟರೆ, ಆ ಮನೆಯ ಇನ್ನೊಬ್ಬರೂ ನಿಶ್ಚಿಂತೆಯಿಂದ ದುಡಿಮೆಗೆ ಹೊರಡಬಹುದು. ಅದಕ್ಕೆ ಮಡಿಯ ಪಕ್ಕದಲ್ಲಿ ತಿಳಿದವರೊಬ್ಬರು ನಿಂತಿರಬೇಕು. ಅವರನ್ನು ತಯಾರು ಮಾಡುವ, ಉಳಿಸಿಕೊಳ್ಳುವ ಕೆಲಸಕ್ಕೆ ವಾಣಿಜ್ಯ ಸಂಘವು ಜಿಲ್ಲಾಡಳಿತವನ್ನೂ ವಿಶ್ವವಿದ್ಯಾಲಯವನ್ನೂ ಒಂದು ಸಭೆಗೆ ಕರೆಯುವುದು ಮೊದಲ ಹೆಜ್ಜೆಯಾಗಲಿ. ಆ ಸಭೆ ಕತ್ತಲಗೆರೆಯ ತೋಟದಲ್ಲಿಯೇ ನಡೆಯುವುದು ಸೂಕ್ತ.